ಕಲ್ಲಿನ ಸೀಮೆ, ಕಿವಿಯ ಕೊರಗು

ಮಧುಗಿರಿಯ ಏಕಶಿಲೆಯ ಕೋಟೆ, ಕೊರಟಗೆರೆ ಸೀಮೆಯ ಚನ್ನರಾಯನದುರ್ಗ, ಪಾವಗಡದ ನಿಡಗಲ್ಲು, ಶಿರಾದಲ್ಲಿ 1696ರಲ್ಲಿ ಕಟ್ಟಿದ ಜುಮ್ಮಾ ಮಸೀದಿ: ಇವೆಲ್ಲ ಉಳಿ, ಸುತ್ತಿಗೆಗಳ ಸದ್ದಿನಲ್ಲಿ ಎದ್ದವು. ಕಟ್ಟಿಸಿದವರ ಹೆಸರು ಚರಿತ್ರೆಗೆ ಸೇರಿತು. ಕಲ್ಲುಕುಟಿಗರ ಕಿವಿಯ ಲೆಕ್ಕ ಯಾರೂ ಇಡಲಿಲ್ಲ.

ಬಡಿತದ ಕಸುಬಿಗೂ ಕಿವುಡಿಗೂ ಇರುವ ನಂಟು ಹಳೆಯದು. ವೆನಿಸ್ ನಗರದ ತಾಮ್ರದ ಕೆಲಸಗಾರರು ಕಿವುಡಾಗುವುದನ್ನು ಇಟಲಿಯ ವೈದ್ಯ ರಮಾಜಿನಿ 18ನೆಯ ಶತಮಾನದ ಆದಿಯಲ್ಲೇ ಗುರುತಿಸಿದ್ದ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತತ ಸದ್ದಿಗೆ ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಎಷ್ಟೋ ಜನರಿಗೆ ಮೊದಲು ಗುಂಯ್‌ಗುಡುವ ಮೊರೆತ, ಆಮೇಲೆ ಕೀರಲು ದನಿಗಳು ಮಾಯ, ಕೊನೆಗೆ ಮನೆಯವರ ಮಾತೂ ಅಸ್ಪಷ್ಟ. ಕಿವಿ ನೋಯುವುದು ಸುಮಾರು 130 ಡೆಸಿಬಲ್‌ ಸದ್ದಿಗೆ. ಆದರೆ 85 ಡೆಸಿಬಲ್‌ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ ದುಡಿದರೆ ಹಾನಿ ಶುರು. ನೋವಿಲ್ಲವೆಂದು ನಂಬಿದವನೇ ಮೋಸಹೋಗುತ್ತಾನೆ.

ಉಳಿಯ ಜಾಗಕ್ಕೆ ಡ್ರಿಲ್, ಕ್ರಷರ್ ಬಂದ ಮೇಲೆ ಅಪಾಯ ಹೆಚ್ಚಿತು. ಸದ್ದಿನಿಂದಾಗುವ ಕಿವುಡು 1948ರ ಕಾರ್ಖಾನೆ ಕಾಯ್ದೆಯಡಿ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿತು. 2020ರ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲೂ ಉಳಿದಿದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ದಿನಗೂಲಿಯವನ ಕಿವಿ ಪರೀಕ್ಷಿಸುವವರು ಯಾರು? ಕೋಟೆಯ ಕಲ್ಲು ಸವೆದರೆ ಕಣ್ಣಿಗೆ ಕಾಣುತ್ತದೆ. ಕಿವಿ ಸವೆದದ್ದು ಕಾಣುವುದಿಲ್ಲ.