ಹೊಲ ಯಾರ ಅಂಕೆಯಲ್ಲಿತ್ತು? ಸೆನೆಕಾ ಹೆಂಗಸರ ಬೇಸಾಯ ಮತ್ತು ಮೇರಿ ಜೆಮಿಸನ್‌ಳ ಸಾಕ್ಷ್ಯ

ಹೊಡಿನೊಶೋನಿ ಜನರಲ್ಲಿ, ಅಂದರೆ ಇರೊಕ್ವಾ ಎಂಬ ಹೆಸರಿನಿಂದ ಹೆಚ್ಚು ಪರಿಚಿತವಾದ ಒಕ್ಕೂಟದಲ್ಲಿ, ಮೆಕ್ಕೆಜೋಳ, ಅವರೆ, ಕುಂಬಳಗಳ ಬೇಸಾಯ ಹೆಂಗಸರ ಕೈಯಲ್ಲಿತ್ತೆಂಬುದರ ಬಗ್ಗೆ ವಿವಾದವಿಲ್ಲ. ಆ ದುಡಿಮೆ ಅವರ ಅಧಿಕಾರಕ್ಕೆ ಆಧಾರವಾಗಿತ್ತೋ, ಅವರ ಕೀಳು ಸ್ಥಾನದ ಗುರುತಾಗಿತ್ತೋ ಎಂಬುದೇ ವಿವಾದ. ಒಕ್ಕೂಟಕ್ಕೆ ಸೇರಿದ ಸೆನೆಕಾ ಜನಾಂಗದ ಎಲಿ ಪಾರ್ಕರ್‌ನ ನೆರವಿನಿಂದ 1851ರಲ್ಲಿ ಈ ಒಕ್ಕೂಟದ ಮೇಲೆ ಮೊದಲ ದೊಡ್ಡ ಗ್ರಂಥವನ್ನು ಬರೆದ ಲೂಯಿಸ್ ಹೆನ್ರಿ ಮಾರ್ಗನ್, ಕುಲವೂ ಪದವಿಯೂ ತಾಯಿಯ ಕಡೆಯಿಂದ ಇಳಿದು ಬರುತ್ತವೆಂದು ತಾನೇ ವಿವರಿಸಿದ ಮೇಲೆಯೂ, ಹೆಣ್ಣು ಗಂಡಿನ ಸೇವಕಿಯಾಗಿದ್ದಳೆಂದು ತೀರ್ಪಿತ್ತನು. ಆತನ ಪರಿಶ್ರಮ ಗೌರವಾರ್ಹವಾದರೂ ಈ ತೀರ್ಪು ಒಪ್ಪತಕ್ಕದ್ದಲ್ಲ.

ಆತನ ಗ್ರಂಥಕ್ಕಿಂತ 27 ವರ್ಷ ಮೊದಲೇ, 1824ರಲ್ಲಿ, ಇದಕ್ಕೆ ವಿರುದ್ಧವಾದ ಸಾಕ್ಷ್ಯ ಅಚ್ಚಾಗಿತ್ತು. ಹದಿಹರೆಯದಲ್ಲಿ ಸೆರೆಸಿಕ್ಕಿ, ಇಬ್ಬರು ಸೆನೆಕಾ ಸೋದರಿಯರ ದತ್ತು ತಂಗಿಯಾಗಿ, ಬದುಕನ್ನೆಲ್ಲ ಆ ಜನರ ನಡುವೆಯೇ ಕಳೆದ ಮೇರಿ ಜೆಮಿಸನ್ ಎಂಬ ವೃದ್ಧೆಯ ನಿರೂಪಣೆಯನ್ನು ಜೇಮ್ಸ್ ಸೀವರ್ ಬರೆದುಕೊಂಡನು. ಸೆನೆಕಾ ಹೆಂಗಸರ ಕೆಲಸ ಬಿಳಿಯ ಹೆಂಗಸರದ್ದಕ್ಕಿಂತ ಕಠಿಣವಲ್ಲವೆಂದೂ, ಮಕ್ಕಳನ್ನು ಜೊತೆಗಿಟ್ಟುಕೊಂಡು, ಮೇಲೆ ನಿಂತು ದುಡಿಸುವ ಒಡೆಯನಿಲ್ಲದೆ, ತಮಗೆ ಬೇಕಾದಷ್ಟು ನಿಧಾನವಾಗಿ ಹೊಲ ಮಾಡುತ್ತಿದ್ದರೆಂದೂ ಅದರಲ್ಲಿದೆ. ಆದರೆ ಅದೇ ಪುಸ್ತಕದ ಅನುಬಂಧವು, ವಸಂತ ಬಂದಾಗ ಹೆಂಗಸರು ಚುರುಕಾದ ಒಬ್ಬ ಹಿರಿಯಳನ್ನು ಆ ವರ್ಷದ ಮೇಲ್ವಿಚಾರಕಿಯಾಗಿ ಆರಿಸಿ ಅವಳ ಮಾತಿಗೆ ಕಟ್ಟುಬೀಳುತ್ತಿದ್ದರೆಂದು ಹೇಳುತ್ತದೆ. ಇವೆರಡನ್ನು ಎದುರುಬದುರಾಗಿಟ್ಟು ಸಾಕ್ಷ್ಯವನ್ನೇ ತಳ್ಳಿಹಾಕುವುದು ಸುಲಭ. ಅನುಬಂಧವನ್ನು ಕೊನೆಯವರೆಗೆ ಓದಿದವರಿಗೆ ಮಾತ್ರ ಅದು ಸಾಧ್ಯವಾಗದು. ಬಿತ್ತನೆಯ ಬೆಳಿಗ್ಗೆ ಎಲ್ಲರೂ ಒಂದು ಹೊಲದಲ್ಲಿ ಸೇರಿ ತಲಾ ಒಂದು ಸಾಲು ಬಿತ್ತುವರು, ಅಲ್ಲಿಂದ ಮುಂದಿನ ಹೊಲಕ್ಕೆ ನಡೆವರು, ಎಲ್ಲರ ಹೊಲಗಳೂ ಒಂದು ಸುತ್ತು ಮುಗಿದ ಮೇಲೆ ಮತ್ತೆ ಮೊದಲನೆಯದಕ್ಕೆ ಮರಳುವರು. ಯಾರು ಹೆಚ್ಚು ದುಡಿದರು, ಯಾರು ಕಡಿಮೆ ಎಂಬ ಅಸೂಯೆಗೆ ಎಡೆಯಿರದಂತೆ ಹೂಡಿದ ಕ್ರಮವಿದು. ದುಡಿಯುವವರೇ ತಮ್ಮೊಳಗಿನಿಂದ ಒಂದು ವರ್ಷದ ಮಟ್ಟಿಗೆ ಆರಿಸಿಕೊಂಡ ಹಿರಿಯಳು ಒಡೆಯನಲ್ಲ. ಆದ್ದರಿಂದ ಎರಡು ಹೇಳಿಕೆಗಳೂ ಒಂದನ್ನೊಂದು ಪೂರೈಸುತ್ತವೆ.

ಇದೆಲ್ಲ ಸೀವರ್‌ನ ಕೈವಾಡವಿರಬಹುದೆಂಬ ಆಕ್ಷೇಪ ಉಳಿಯುತ್ತದೆ. ಸೆರೆಯಾಳಿನ ಕಥೆಯಿಂದ ಓದುಗರ ಮರುಕವನ್ನು ಬಯಸಿದ ಆತ ಹಲವೆಡೆ ತನ್ನ ಮಾತನ್ನು ಸೇರಿಸಿದ್ದಾನೆ, ನಿಜ. (ಸೆರೆಯ ವರ್ಷವನ್ನು ಆತ 1755 ಎಂದದ್ದೂ ತಪ್ಪು, ಅದು 1758.) ಆದರೆ ಬಿಳಿಯ ಹೆಂಗಸಿನ ಬಾಳಿಗಿಂತ ಇದು ಕಷ್ಟದ್ದಲ್ಲವೆಂಬ ಮಾತು ಆ ಮರುಕಕ್ಕೇ ವಿರುದ್ಧವಾದುದರಿಂದ, ಬರೆದುಕೊಂಡವನ ಉದ್ದೇಶಕ್ಕೆ ಒಗ್ಗದೆಯೂ ಉಳಿದುಬಂದ ಅದನ್ನು ಅವಳದೇ ಎಂದು ನಂಬಬೇಕಾಗುತ್ತದೆ. ಆಹಾರದ ಹಂಚಿಕೆ ಕೈಯಲ್ಲಿದ್ದುದೇ ಈ ಹೆಂಗಸರ ಬಲವೆಂದು 1970ರಲ್ಲಿ ಜುಡಿತ್ ಬ್ರೌನ್ ವಾದಿಸಿದ್ದು ಸರಿಯಾದ ದಿಕ್ಕಿನಲ್ಲಿದೆ. ಅದನ್ನು ಸ್ತ್ರೀರಾಜ್ಯವೆಂದು ಹಿಗ್ಗಿಸಬಾರದೆಂಬ ಎಲಿಸಬೆತ್ ಟೂಕರ್ ಅವರ ಎಚ್ಚರಿಕೆಯೂ ಯುಕ್ತವೇ, ಆದರೆ ಮಾರ್ಗನ್‌ನ ತೀರ್ಪನ್ನು ಅದು ಉಳಿಸಲಾರದು.

ಜೆಮಿಸನ್ ನಿರೂಪಿಸಿದ ಒಂದು ಘಟನೆಯೂ ಇದನ್ನೇ ತೋರಿಸುತ್ತದೆ. 1779ರಲ್ಲಿ ಅಮೆರಿಕನ್ ಜನರಲ್ ಸಲಿವನ್‌ನ ಸೇನೆ ಸೆನೆಕಾ ಊರುಗಳನ್ನೂ ಪೈರನ್ನೂ ಸುಟ್ಟುಹಾಕಿದಾಗ, ಜೆಮಿಸನ್ ಇಬ್ಬರು ಚಿಕ್ಕ ಮಕ್ಕಳನ್ನು ಬೆನ್ನಿಗೆ ಹಾಕಿಕೊಂಡು, ಮೂವರನ್ನು ಹಿಂದೆ ನಡೆಸಿಕೊಂಡು, ಜೆನೆಸೀ ನದಿಯ ಗಾರ್ಡೋ ಬಯಲಿಗೆ ಬಂದಳು. ದಾಸ್ಯದಿಂದ ತಪ್ಪಿಸಿಕೊಂಡು ಅಲ್ಲಿ ನೆಲೆಸಿದ್ದ ಇಬ್ಬರು ಕಪ್ಪುಜನರ ಮೆಕ್ಕೆಜೋಳವನ್ನು ಸುಲಿದು ಹೆಣೆದು, ಹತ್ತು ಸರಕ್ಕೆ ಒಂದರಂತೆ ನೂರು ಸರಗಳನ್ನು, ಅಂದರೆ ಸುಮಾರು 25 ಬುಷೆಲ್ ಕಾಳನ್ನು, ತನ್ನ ಪಾಲಾಗಿ ಪಡೆದಳು. ಆ ಕರಾರಿನಲ್ಲಿ ಗಂಡನ ಪ್ರಸ್ತಾಪವೇ ಇಲ್ಲ, ಚಳಿಗಾಲದುದ್ದಕ್ಕೂ ಮಕ್ಕಳಿಗೆ ಉಣಿಸಿದ ಆ ಕಾಳು ಅವಳದಾಗಿಯೇ ದಾಖಲಾಗಿದೆ.