ಜೇನಿನಲ್ಲಿ ಉಳಿಯುವ ನೀರು

ಸಂಸ್ಕೃತದ 'ಮಧು' ಶಬ್ದಕ್ಕೆ ಜೇನು ಎಂಬ ಅರ್ಥವೂ ಇದೆ, ಮದ್ಯ ಎಂಬ ಅರ್ಥವೂ ಇದೆ. ಜೇನಿನಿಂದ ಮಾಡಿದ ಮದ್ಯಕ್ಕೆ ಇಂಗ್ಲಿಷಿನಲ್ಲಿ 'ಮೀಡ್' ಎನ್ನುತ್ತಾರೆ. ಅದೂ ನಮ್ಮ 'ಮಧು'ವೂ ಒಂದೇ ಬೇರಿನಿಂದ ಬಂದವು. ರಷ್ಯನ್ ಭಾಷೆಯಲ್ಲಂತೂ ಇವೆರಡಕ್ಕೂ ಇಂದಿಗೂ ಒಂದೇ ಹೆಸರು. ಇದು ಕವಿಗಳ ಚಮತ್ಕಾರವೇನೂ ಅಲ್ಲ. ನೀರಿನಂಶ ಹೆಚ್ಚಾದ ಜೇನು ತಾನಾಗಿಯೇ ಹುಳಿತು ಮದ್ಯವಾಗುವುದನ್ನು ಜನ ಬಹಳ ಹಿಂದೆಯೇ ಕಂಡುಕೊಂಡಿದ್ದರು.

'ಜೇನು ಎಂದಿಗೂ ಕೆಡುವುದಿಲ್ಲ' ಎಂಬ ಮಾತು ಆದ್ದರಿಂದ ಅರ್ಧ ಸತ್ಯ. ಈಜಿಪ್ಟಿನ ಗೋರಿಗಳಲ್ಲಿ ಸಾವಿರಾರು ವರ್ಷಗಳ ಜೇನು ಸಿಕ್ಕಿತೆಂಬ ಕಥೆ ಎಲ್ಲರ ಬಾಯಲ್ಲೂ ಇದೆ. ಒಣಹವೆಯ ಆ ನಾಡಿನ ಕಥೆಯನ್ನು ಆಗುಂಬೆಗೆ ತಂದರೆ ನಡೆಯದು. ಅಟ್ಟದ ಮೇಲಿಟ್ಟ ಶೀಸೆಯ ಬಿರಡೆ ಮಳೆಗಾಲದ ನಡುವೆ ಒಂದು ದಿನ 'ಟಪ್' ಎಂದು ಹಾರಿ, ನೊರೆಯುಕ್ಕಿ, ಹುಳಿ ವಾಸನೆ ಬರುವುದು ಮಲೆನಾಡಿನ ಮನೆಗಳಿಗೆ ಹೊಸತಲ್ಲ.

ಹೂವಿನ ಮಕರಂದದಲ್ಲಿ ಬಹುಪಾಲು ನೀರೇ. ಅನೇಕ ಹೂಗಳಲ್ಲಿ ಅದು ಶೇ 60ರಿಂದ 80ರಷ್ಟಿರುತ್ತದೆ. ಜೇನುಹುಳುಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸುತ್ತ, ನಾಲಗೆಯ ಮೇಲೆ ತೆಳುವಾಗಿ ಹರಡುತ್ತ, ಎರಿಯ ಕಣಗಳಲ್ಲಿ ತುಂಬಿ ರಾತ್ರಿಯೆಲ್ಲ ರೆಕ್ಕೆ ಬೀಸುತ್ತ ನೀರನ್ನು ಆರಿಸುತ್ತವೆ. ನೀರು ಶೇ 18ರ ಆಸುಪಾಸಿಗೆ ಇಳಿದಾಗ ಕಣಕ್ಕೆ ಮೇಣದ ಮುಚ್ಚಳ ಬೀಳುತ್ತದೆ. ಅಷ್ಟು ಗಟ್ಟಿಯಾದ ಸಕ್ಕರೆಯಲ್ಲಿ ಹೆಚ್ಚಿನ ಸೂಕ್ಷ್ಮಜೀವಿಗಳು ಬದುಕಲಾರವು. ಆದರೆ ಸಕ್ಕರೆಯನ್ನು ಸಹಿಸಬಲ್ಲ ಕೆಲವು ಯೀಸ್ಟ್‌ಗಳು ಹೂವಿನಿಂದಲೇ ಜೇನಿಗೆ ಬಂದು ಸೇರಿರುತ್ತವೆ. ಇನ್ನಷ್ಟು ನೀರು ಸಿಕ್ಕೀತೇ ಎಂದು ಕಾದು ಕುಳಿತಿರುತ್ತವೆ.

ಆ ನೀರು ಗಾಳಿಯಿಂದಲೇ ಸಿಕ್ಕಬಹುದು. ಗಾಳಿಯ ಆರ್ದ್ರತೆ ಶೇ 60ರಷ್ಟಿದ್ದರೆ ಶೇ 18ರ ಜೇನು ಗಾಳಿಗೆ ನೀರು ಬಿಟ್ಟುಕೊಡುವುದೂ ಇಲ್ಲ, ಗಾಳಿಯಿಂದ ಹೀರುವುದೂ ಇಲ್ಲ. ಆರ್ದ್ರತೆ 80 ದಾಟಿದರೆ ತೆರೆದಿಟ್ಟ ಜೇನು ನೀರು ಹೀರುತ್ತಲೇ ಹೋಗುತ್ತದೆ. ಜೂನ್ ತಿಂಗಳ ಕೊಡಗಿನಲ್ಲಿ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ 'ಆರಲಿ' ಎಂದು ಇಟ್ಟವರು ಕೇಳಿಕೊಂಡದ್ದೊಂದು, ಪಡೆದದ್ದು ಇನ್ನೊಂದು.

ಹಾಗಿದ್ದರೆ ಕಾಯಿಸಬಹುದಲ್ಲ? ಇಲ್ಲಿ ನಮ್ಮ ವೈದ್ಯಶಾಸ್ತ್ರ ಅಡ್ಡ ಬರುತ್ತದೆ. ಬಿಸಿ ಮಾಡಿದ ಜೇನು ಪ್ರಾಣಕ್ಕೇ ಅಪಾಯ ಎಂಬುದು ಚರಕನ ಎಚ್ಚರಿಕೆ. ನಾನಾ ಹೂಗಳಿಂದ, ವಿಷದ ಹೂಗಳಿಂದಲೂ, ಕೂಡಿಸಿದ್ದಾದ್ದರಿಂದ ಜೇನಿಗೆ ವಿಷದ ಸಂಬಂಧವಿದೆ ಎಂಬುದು ಆ ಕಾಲದ ತರ್ಕ. ಸುಶ್ರುತನೋ ಹೊಸ ಜೇನಿಗೂ ಹಳೆಯ ಜೇನಿಗೂ ಬೇರೆ ಬೇರೆ ಗುಣ ಹೇಳಿ, ಬೊಜ್ಜು ಕರಗಿಸಲು ಹಳೆಯದೇ ಒಳ್ಳೆಯದೆಂದ. ಜೇನು ಹಳೆಯದಾಗಬೇಕು, ಆದರೆ ಕಾಯಿಸುವಂತಿಲ್ಲ! ಚೆನ್ನಾಗಿ ಪಕ್ವವಾದ ಎರಿಯನ್ನು ಮಾತ್ರ ಆಯ್ದುಕೊಳ್ಳುವುದಲ್ಲದೆ ಹಿಂದಿನವರಿಗೆ ಬೇರೆ ದಾರಿಯಿರಲಿಲ್ಲ. ಕಾಡಿನಲ್ಲಿ ಎರಿ ಕಿತ್ತು, ಮರಿಹುಳು ಪರಾಗಗಳ ಸಮೇತ ಕೈಯಲ್ಲಿ ಹಿಂಡಿ ತೆಗೆದ ಜೇನು ಬೇಗ ಹುಳಿಯುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಎರಿಯನ್ನು ಮುರಿಯದೆ ತಿರುಗಿಸಿ ಜೇನು ಚಿಮ್ಮಿಸುವ ಯಂತ್ರವನ್ನು ಹ್ರುಷ್ಕಾ ಎಂಬಾತ 1865ರಲ್ಲಿ ಯೂರೋಪಿನಲ್ಲಿ ತೋರಿಸಿದ. ಶುದ್ಧ ಜೇನು ಸುಲಭವಾಯಿತು. ಜೊತೆಗೆ ಮುಚ್ಚಳ ಬೀಳದ ಹಸಿ ಎರಿಯಿಂದಲೂ ಜೇನು ಸೆಳೆಯುವ ಆಸೆ ಹುಟ್ಟಿತು. 'ಮುಕ್ಕಾಲು ಭಾಗ ಮುಚ್ಚಿದ ಮೇಲಷ್ಟೇ ಕೊಯ್ಲು' ಎಂದು ಜೇನು ಸಾಕುವವರಿಗೆ ಹೇಳಿಕೊಡುವುದು ಇದಕ್ಕೇ.

ನೀರು ಎಷ್ಟಿದ್ದರೆ ಕ್ಷೇಮ ಎಂಬ ಲೆಕ್ಕ ಹೊರಬಿದ್ದದ್ದು ಕೆನಡಾದಿಂದ. ಜೇನಿನ ತೊಟ್ಟಿನಲ್ಲಿ ಬೆಳಕು ಎಷ್ಟು ಬಾಗುತ್ತದೆಂದು ನೋಡಿ ನೀರಿನ ಪ್ರಮಾಣ ಹೇಳುವ ಕೋಷ್ಟಕವನ್ನು 1932ರಲ್ಲಿ ಚಾಟವೇ ಪ್ರಕಟಿಸಿದರು. ಹತ್ತಾರು ಗಂಟೆ ಒಣಗಿಸಿ ತೂಗುವ ಕೆಲಸ ಒಂದು ನಿಮಿಷದ್ದಾಯಿತು. ಮರುವರ್ಷ ಆಟವಾದ ಲಾಕ್‌ಹೆಡ್, ನೀರು ಶೇ 17.1ಕ್ಕಿಂತ ಕಡಿಮೆಯಿದ್ದರೆ ಯೀಸ್ಟ್ ಎಷ್ಟೇ ಇರಲಿ ಜೇನು ಹುಳಿಯದು, ಶೇ 20 ದಾಟಿದರೆ ಅಪಾಯ ಯಾವಾಗಲೂ ಇದ್ದದ್ದೇ ಎಂದು ತೋರಿಸಿದರು. ನಡುವಿನದೆಲ್ಲ ಯೀಸ್ಟ್‌ಗಳ ಸಂಖ್ಯೆಗೆ ಬಿಟ್ಟದ್ದು. ಹರಳುಗಟ್ಟಿದ ಜೇನಿನ ಕಾಟವೂ ಇದರಿಂದ ಅರ್ಥವಾಯಿತು. ಗ್ಲೂಕೋಸ್ ಹರಳಾಗಿ ಬೇರ್ಪಟ್ಟಾಗ ಸುತ್ತಲಿನ ದ್ರವ ತೆಳುವಾಗುತ್ತದೆ. ಹುಳಿಯುವಿಕೆ ಅಲ್ಲಿಂದ ಆರಂಭ.

ನಮ್ಮಲ್ಲಿ ಪೆಟ್ಟಿಗೆಯ ಜೇನು ಸಾಕಣೆ ಬೇರೂರಿದ್ದು 1910ರ ದಶಕದಿಂದೀಚೆಗೆ. ತಿರುಚಿನಾಪಳ್ಳಿ ಸೀಮೆಯ ಪಾದ್ರಿ ನ್ಯೂಟನ್ ತುಡುವೆಗೆ ಹೊಂದುವ ಪುಟ್ಟ ಪೆಟ್ಟಿಗೆಯನ್ನು ರೂಪಿಸಿದರು. 1930ರ ದಶಕದಲ್ಲಿ ಕೊಡಗಿನ ವಿರಾಜಪೇಟೆಯಲ್ಲಿ ಜೇನು ಉತ್ಪಾದಕರ ಸಹಕಾರ ಸಂಘವೇ ಹುಟ್ಟಿತು. ಆದರೆ ಇಲ್ಲಿನ ಕೊಯ್ಲಿನ ಕಾಲ ಬಲು ಇಕ್ಕಟ್ಟಿನದು. ಹೂಮಳೆಗೆ ಕಾಫಿ ಅರಳಿ, ಆಮೇಲೆ ಕಾಡಿನ ಮರಗಳು ಹೂಬಿಟ್ಟು, ಜೇನು ಪೆಟ್ಟಿಗೆ ತುಂಬುವ ಹೊತ್ತಿಗೆ ಮುಂಗಾರು ಬಾಗಿಲಲ್ಲಿರುತ್ತದೆ. ಇನ್ನೊಂದು ಸ್ವಾರಸ್ಯವಿದೆ. ಯೂರೋಪಿನ ಜೇನುಹುಳು ಬಾಗಿಲಿಗೆ ಮುಖ ಮಾಡಿ ನಿಂತು ಒಳಗಿನ ಗಾಳಿಯನ್ನು ಹೊರಗೆ ಬೀಸುತ್ತದೆ. ನಮ್ಮ ತುಡುವೆ ಬಾಗಿಲಿಗೆ ಬೆನ್ನು ಕೊಟ್ಟು ಹೊರಗಿನ ಗಾಳಿಯನ್ನು ಒಳಗೆ ನೂಕುತ್ತದೆ. ಆ ಗಾಳಿಯೇ ತೇವದ್ದಾದರೆ ಪಾಪ, ಅದು ತಾನೆ ಏನು ಮಾಡೀತು? ತುಡುವೆ ಜೇನಿನಲ್ಲಿ ನೀರು ಶೇ 20 ಮೀರುವುದು ಸಾಮಾನ್ಯ.

ಹಳೆಯ ಸರ್ಕಾರಿ ಮಾನದಂಡಗಳು ಇದನ್ನು ಬಲ್ಲವು. ಭಾರತೀಯ ಮಾನಕದಲ್ಲಿ ಶೇ 20, 22, 25 ಎಂದು ಮೂರು ದರ್ಜೆಗಳಿದ್ದವು. ಕಲಬೆರಕೆ ತಡೆ ನಿಯಮಗಳೂ 25ರವರೆಗೆ ಬಿಡುತ್ತಿದ್ದವು. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಲ್ಲಕ್ಕೂ ಶೇ 20ರ ಗೆರೆ ಎಳೆಯಿತು. ಲಾಕ್‌ಹೆಡ್‌ರ ಲೆಕ್ಕ ನೋಡಿದರೆ ಗೆರೆ ಸರಿಯಾದದ್ದೇ. ಆದರೆ ನಾಲ್ಕೈದು ಪೆಟ್ಟಿಗೆಯಿಟ್ಟ ಮಲೆನಾಡಿನ ರೈತ ಈಗ ಹುಳುಗಳು ಬಾಕಿ ಉಳಿಸಿದ ಕೆಲಸವನ್ನು ತಾನು ಮುಗಿಸಬೇಕಾಗಿದೆ.

ಬಿಸಿನೀರಿನ ಹಂಡೆಯಲ್ಲಿ ಜೇನಿನ ಪಾತ್ರೆ ಇಳಿಸುವುದು ಅವನಿಗೆ ಗೊತ್ತಿರುವ ದಾರಿ. 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ನಿಮಿಷ ಇಟ್ಟರೆ ಯೀಸ್ಟ್ ಸಾಯುತ್ತದೆ. ಆದರೆ ಮುಚ್ಚಳ ಹಾಕಿ ಕಾಯಿಸಿದ ಜೇನಿನ ನೀರು ಎಳ್ಳಷ್ಟೂ ಕಡಿಮೆಯಾಗದು; ಹೊಸ ಯೀಸ್ಟ್ ಬಿದ್ದರೆ ಮತ್ತೆ ಹುಳಿಯುತ್ತದೆ. ಹೆಚ್ಚು ಹೊತ್ತು ಕಾಯಿಸಿದರೆ ಬಣ್ಣ ಕಪ್ಪಾಗಿ, ಪರಿಮಳ ಹಾರಿ, ಜೇನಿನ ಕಿಣ್ವಗಳೂ ನಾಶವಾಗುತ್ತವೆ. ಕಾರಣ ಬೇರೆಯಾದರೂ ಚರಕನ ಎಚ್ಚರಿಕೆ ಇಷ್ಟರಮಟ್ಟಿಗೆ ನಿಂತಿದೆ.

ದೊಡ್ಡ ಕಾರ್ಖಾನೆಗಳು ನಿರ್ವಾತದಲ್ಲಿ ಕಡಿಮೆ ಶಾಖಕ್ಕೇ ನೀರು ತೆಗೆಯುತ್ತವೆ. ಅದರ ದುರುಪಯೋಗವೂ ಆಯಿತು. ಮಕರಂದ ಬಂದ ಒಂದೆರಡು ದಿನಕ್ಕೇ ಹಸಿಯಾಗಿ ಬಸಿದು, ಯಂತ್ರದಲ್ಲಿ ಒಣಗಿಸಿ ಜೇನೆಂದು ಮಾರುವುದು ಬೆಳೆದಾಗ, ಜಾಗತಿಕ ಜೇನುಕೃಷಿಕರ ಒಕ್ಕೂಟ 'ಅಪಿಮೋಂಡಿಯಾ' 2019ರಲ್ಲಿ ಅದನ್ನು ವಂಚನೆಗಳ ಪಟ್ಟಿಗೆ ಸೇರಿಸಿತು. ಜೇನನ್ನು ಪಕ್ವ ಮಾಡಬೇಕಾದದ್ದು ಹುಳು, ಯಂತ್ರವಲ್ಲ ಎಂಬುದು ಅದರ ವಾದ. ಮುಚ್ಚಳ ಬಿದ್ದೂ ಶೇ 22ರಲ್ಲಿ ನಿಂತ ಮಲೆನಾಡಿನ ಜೇನನ್ನೂ, ಅವಸರದಲ್ಲಿ ಕದ್ದ ಹಸಿ ಜೇನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ನನಗೆ ನ್ಯಾಯವೆನಿಸದು.

ಇವೆರಡರ ನಡುವೆ ಸಾಧಾರಣ ಉಪಾಯವೊಂದಿದೆ. ತುಂಬಿದ ಚೌಕಟ್ಟುಗಳನ್ನು ಹಿಂಡುವ ಮುಂಚೆ ಒಂದು ಮುಚ್ಚಿದ ಕೋಣೆಯಲ್ಲಿ ಸಂದು ಬಿಟ್ಟು ಜೋಡಿಸುವುದು. ಗಾಳಿಯ ತೇವ ಹೀರುವ ಯಂತ್ರವನ್ನೂ ಒಂದು ಬೀಸಣಿಗೆಯನ್ನೂ ಒಂದೆರಡು ದಿನ ನಡೆಸುವುದು. ಎರಿಯಲ್ಲಿರುವಾಗ ಜೇನಿಗೆ ಗಾಳಿ ತಾಗುವ ಮೈ ಹೆಚ್ಚು, ಆದ್ದರಿಂದ ನೀರು ಬೇಗ ಆರುತ್ತದೆ. ಮೇಣದ ಮುಚ್ಚಳ ಬಿದ್ದ ಕಣಗಳಲ್ಲಿ ನಿಧಾನ. ಒಬ್ಬೊಬ್ಬ ರೈತನಿಗೆ ಇದರ ವೆಚ್ಚ ಹೊರೆಯೇ. ಊರಿನ ಸಂಘಕ್ಕೆ ಒಂದು ಕೋಣೆ ಸಾಕು. ಮಳೆ ಹಿಡಿಯುವ ಮೊದಲು, ಕರೆಂಟು ಇರುವಾಗಲೇ ಆ ಕೆಲಸ ಆಗಬೇಕು.