ಹಾರ್ಲೆಮಿನ ಮನೆಯೂ ನಮ್ಮ ಅಟ್ಟವೂ

1947ನೆಯ ಇಸವಿ ಮಾರ್ಚ್ 21ರಂದು ನ್ಯೂಯಾರ್ಕ್ ನಗರದ ಪೊಲೀಸರಿಗೆ ಒಂದು ದೂರವಾಣಿ ಕರೆ ಬಂತು. ಹಾರ್ಲೆಮ್ ಭಾಗದ ಐದನೆಯ ಅವೆನ್ಯೂವಿನ 2078ನೆಯ ನಂಬರಿನ ಮನೆಯಲ್ಲಿ ಹೆಣವಿದೆಯೆಂದು ಯಾರೋ ತಿಳಿಸಿದರು. ಪೊಲೀಸರು ಹೋಗಿ ನೋಡಿದರೆ ಒಳಗೆ ಕಾಲಿಡಲು ಎಡೆಯಿಲ್ಲ. ಪತ್ರಿಕೆಯ ಕಟ್ಟುಗಳು, ಮುರಿದ ಕುರ್ಚಿಗಳು, ಪೆಟ್ಟಿಗೆಗಳು ಗೋಡೆಯಂತೆ ನಿಂತಿದ್ದುವು. ಮೇಲಂತಸ್ತಿನ ಕಿಟಕಿಯಿಂದ ನುಗ್ಗಿದಾಗ, ಅರುವತ್ತೈದು ವರ್ಷದ ಹೋಮರ್ ಕಾಲಿಯರ್ ಎಂಬ ಅಂಧ ವೃದ್ಧ ಕುಳಿತಲ್ಲಿಯೇ ಸತ್ತಿದ್ದ.

ಜೊತೆಗಿದ್ದ ತಮ್ಮ ಲ್ಯಾಂಗ್ಲಿ ಎಲ್ಲಿ? ಅವನನ್ನು ಊರೂರು ಹುಡುಕಿದರು. ಸಿಕ್ಕಿದ್ದು ಏಪ್ರಿಲ್ 8ರಂದು, ಅಣ್ಣ ಸತ್ತ ಸ್ಥಳಕ್ಕೆ ಹತ್ತೇ ಅಡಿ ದೂರದಲ್ಲಿ, ಸಾಮಾನಿನ ರಾಶಿಯ ಕೆಳಗೆ. ಕಳ್ಳರಿಗೆಂದು ತಾನೇ ಹೂಡಿದ್ದ ಬೋನು, ಅಣ್ಣನಿಗೆ ಊಟ ಒಯ್ಯುತ್ತಿದ್ದಾಗ ಅವನ ಮೇಲೆಯೇ ಕುಸಿದಿತ್ತು. ಉಣಿಸುವ ಕೈ ಇಲ್ಲವಾದ ಮೇಲೆ ಅಣ್ಣನ ಗತಿ ಏನಾಯಿತೆಂದು ಹೇಳಬೇಕಾಗಿಲ್ಲ. ಆ ಮನೆಯಿಂದ ಹೊರತೆಗೆದ ಸಾಮಾನು 120 ಟನ್ನಿಗೂ ಮಿಗಿಲು; ಅದರಲ್ಲಿ 14 ಪಿಯಾನೊ ವಾದ್ಯಗಳಿದ್ದುವು!

ಇವರು ದರಿದ್ರರೆಂದು ತಿಳಿಯಬೇಡಿ. ತಂದೆ ವೈದ್ಯರು, ಹೋಮರ್ ನ್ಯಾಯಶಾಸ್ತ್ರ ಓದಿದವನು. 1933ರಲ್ಲಿ ಅವನ ಕಣ್ಣು ಹೋಯಿತು. ತಮ್ಮ ಅವನಿಗೆ ವಾರಕ್ಕೆ ನೂರು ಕಿತ್ತಳೆ ತಿನ್ನಿಸಿ ದೃಷ್ಟಿ ಮರಳಿಸಲು ಹೆಣಗಿದ. ಪತ್ರಿಕೆಗಳನ್ನೇಕೆ ಕೂಡಿಡುತ್ತೀಯೆಂದು ಕೇಳಿದವರಿಗೆ ಅವನು ಹೇಳಿದ್ದಿಷ್ಟು: ಅಣ್ಣನಿಗೆ ಕಣ್ಣು ಬಂದಾಗ ಓದಲು ಬೇಕಲ್ಲ! ನಗುವ ಮೊದಲು, ವಾಚಕರೇ, ಈ ಮಾತನ್ನು ತುಸು ಮೆಲುಕು ಹಾಕಿ. ಊರವರ ಕಣ್ಣಿಗೆ ಕಸವಾದದ್ದು ಅವನ ಪಾಲಿಗೆ ಅಣ್ಣನ ಕಣ್ಣಿನ ಆಸೆಯಾಗಿತ್ತು.

ಇಂಥ ಮನೆಗಳಿಗೆ ನ್ಯೂಯಾರ್ಕಿನ ಬೆಂಕಿ ಆರಿಸುವ ದಳದವರು ಇಂದಿಗೂ 'ಕಾಲಿಯರ್ ಮಹಲು' ಎಂದೇ ಹೇಳುತ್ತಾರೆ. ವೈದ್ಯರು ಹೆಸರಿಟ್ಟದ್ದು ತಡವಾಗಿ. ಮನೆಯನ್ನೂ ಮೈಯನ್ನೂ ಮರೆತು ಕಸದ ನಡುವೆ ಬದುಕುತ್ತಿದ್ದ ವೃದ್ಧರ ಸ್ಥಿತಿಗೆ 1975ರಲ್ಲಿ ಇಂಗ್ಲೆಂಡಿನ ಕೆಲವು ವೈದ್ಯರು ಡಯೋಜನೀಸನ ಹೆಸರು ಕೊಟ್ಟರು. ಪಾಪ, ಆ ಗ್ರೀಕ್ ವಿರಾಗಿ ಹುಡುಗನೊಬ್ಬ ಬೊಗಸೆಯಲ್ಲಿ ನೀರು ಕುಡಿದದ್ದನ್ನು ಕಂಡು ತನ್ನ ಬಟ್ಟಲನ್ನೂ ಎಸೆದವನೆಂದು ಕಥೆ! ಬಹುಕಾಲ ಈ ಕೂಡಿಡುವ ಚಾಳಿಯನ್ನು ಗೀಳುರೋಗದ ಒಂದು ಕವಲೆಂದೇ ಎಣಿಸುತ್ತಿದ್ದರು. ಅದು ಬೇರೆಯೇ ವ್ಯಾಧಿಯೆಂದು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಒಪ್ಪಿದ್ದು 2013ರಲ್ಲಿ.

ಹಾಗೆಂದು ಅಟ್ಟದ ಮೇಲೆ ನಾಲ್ಕು ಹಿತ್ತಾಳೆ ಪಾತ್ರೆ ಇಟ್ಟ ಅಜ್ಜಿಯರೆಲ್ಲ ರೋಗಿಗಳಲ್ಲ. ಮಂಚದ ಮೇಲೆ ಮಲಗಲು ಆಗುತ್ತದೆಯೇ, ಒಲೆ ಹೊತ್ತಿಸಬಹುದೇ, ರಾತ್ರಿ ಎಡವದೆ ಬಚ್ಚಲಿಗೆ ಹೋಗಬಹುದೇ, ಇದನ್ನು ನೋಡಿ. ಒಂದು ಹರಕು ಚೀಲವನ್ನು ಬಿಸಾಡೆಂದರೂ ಅವರ ಜೀವ ತಲ್ಲಣಿಸುವುದೇ ಎಂಬುದನ್ನೂ ಗಮನಿಸಿ. ಹಿಂದೆ ಇಲ್ಲದ ಚಾಳಿ ಮುಪ್ಪಿನಲ್ಲಿ ತಟ್ಟನೆ ತೋರಿದರೆ ಮರೆವಿನ ಕಾಯಿಲೆಯ ಸೂಚನೆಯೂ ಇರಬಹುದು. ವೈದ್ಯರಿಗೆ ತೋರಿಸುವುದು ಲೇಸು.

ನಾನು ಇಷ್ಟು ಹೇಳುವುದಕ್ಕೆ ಕಾರಣವುಂಟು. ನನ್ನ ಸೋದರತ್ತೆ ವಿಧವೆಯಾದ ಮೇಲೆ ಔಷಧದ ಖಾಲಿ ಶೀಶೆ, ಲಗ್ನಪತ್ರಿಕೆ, ದಾರದ ಉಂಡೆ ಎಲ್ಲವನ್ನೂ ಕೋಣೆಯ ತುಂಬ ಪೇರಿಸುತ್ತಿದ್ದರು. ಅವರು ಆಸ್ಪತ್ರೆಯಲ್ಲಿದ್ದ ವಾರದಲ್ಲಿ ನಾವು ಹುಡುಗರೆಲ್ಲ ಸೇರಿ ಕೋಣೆಯನ್ನು ಬರಿದು ಮಾಡಿ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿಬಿಟ್ಟೆವು. ಉಪಕಾರ ಮಾಡಿದೆವೆಂಬ ಹೆಮ್ಮೆ ಬೇರೆ. ಅತ್ತೆ ಬಂದವರು ಬಾಗಿಲಲ್ಲೇ ನಿಂತು, "ಯಾಕೋ, ನಾನು ಸತ್ತೇ ಹೋದೆನೆಂದು ತಿಳಿದಿರೇನೋ?" ಎಂದರು. ಅನಂತರ ತಿಂಗಳುಗಟ್ಟಲೆ ನನ್ನೊಡನೆ ಮಾತಿಲ್ಲ. ವರ್ಷ ತುಂಬುವುದರೊಳಗೆ ಕೋಣೆ ಮತ್ತೆ ತುಂಬಿತು, ಮೊದಲಿಗಿಂತ ಒತ್ತಾಗಿ.

ಗುಟ್ಟಾಗಿ ಎಸೆದರೆ ಅವರ ನಂಬಿಕೆ ಕೆಡುತ್ತದೆಯೇ ಹೊರತು ಚಾಳಿ ಹೋಗದೆಂದು ಇದನ್ನು ಅಭ್ಯಾಸ ಮಾಡಿದವರೂ ಹೇಳುತ್ತಾರೆ. ಯಾವುದು ಇರಬೇಕು, ಯಾವುದು ಹೋಗಬೇಕೆಂಬ ತೀರ್ಮಾನ ಅವರದೇ ಆಗಬೇಕು. ಮೊದಲು ಬೇಕಾದದ್ದು ನಡೆಯುವ ದಾರಿ, ಒಲೆಯ ಆಸುಪಾಸು; ಕೋಣೆಯ ಅಂದ ಆಮೇಲಾಯಿತು. ನಾನು ಇದನ್ನು ಕಲಿತದ್ದು ತಡವಾಗಿ. ಒಂದು ಭಾನುವಾರ ಅತ್ತೆಯ ಅಪ್ಪಣೆ ಪಡೆದು ಒಂದೇ ಒಂದು ತಗಡಿನ ಪೆಟ್ಟಿಗೆ ಬಿಚ್ಚಿ ಕುಳಿತೆ. ಪ್ರತಿ ಲಗ್ನಪತ್ರಿಕೆಗೂ ಒಂದು ಕಥೆ ಬಂತು. ಹಿಂಬದಿಯಲ್ಲಿ ಮಾವನವರ ಕೈಬರಹದಲ್ಲಿ ಉಡುಗೊರೆಯ ಲೆಕ್ಕ! ನಾವು ತೂಕಕ್ಕೆ ಹಾಕಿದವುಗಳಲ್ಲಿ ಇಂಥವು ಎಷ್ಟಿದ್ದವೋ. ಸಂಜೆಯವರೆಗೆ ಕುಳಿತು ಹೊರಗೆ ಹೋದದ್ದು ಮೂರು ಶೀಶೆ ಮಾತ್ರ. ಅದೂ ಅತ್ತೆಯೇ ಎತ್ತಿ ಕೊಟ್ಟದ್ದು. ಮಳೆಗಾಲ ಬರುವ ವೇಳೆಗೆ ಮಂಚದಿಂದ ಬಚ್ಚಲಿಗೆ ದಾರಿಯಾಯಿತು. ಆ ತಗಡಿನ ಪೆಟ್ಟಿಗೆ ಈಗ ನಮ್ಮ ಮನೆಯ ಅಟ್ಟದ ಮೇಲಿದೆ.